ಜೋಡಿ ಪಿಟೀಲಿನ ನೃತ್ಯ

ನೃತ್ಯವು ಕಣ್ಣಿಗೆ ಸೇರಿದ ಕಲೆ. ಕಿವಿಗೆ ಮಾತ್ರ ನಿಲುಕುವ ಆಕಾಶವಾಣಿಯಲ್ಲಿ ಅದನ್ನು ಕುರಿತು ಮಾತನಾಡುವುದು ಒಂದು ಬಗೆಯ ಸಾಹಸವೆಂದು ಶ್ರೋತೃಗಳು ಎಣಿಸಿದರೆ ಆಶ್ಚರ್ಯವಿಲ್ಲ. ಆದರೆ ನಾವು ಇಂದು ಯಾವ ನೃತ್ಯದ ಚರಿತ್ರೆಯನ್ನು ಹೇಳಹೊರಟಿದ್ದೇವೆಯೋ ಅದಕ್ಕೆ ಈ ಅಡ್ಡಿ ಅಷ್ಟಾಗಿ ಇಲ್ಲ. ಅದರಲ್ಲಿ ಕಥೆಯಿಲ್ಲ; ಪಾತ್ರಗಳಿಗೆ ಹೆಸರಿಲ್ಲ; ರಾಜಕುಮಾರನಿಲ್ಲ, ಮಾಂತ್ರಿಕನ ಶಾಪವಿಲ್ಲ, ಹಂಸವಾಗಿ ತಿರುಗುವ ಕನ್ನಿಕೆಯಿಲ್ಲ. ಅದರಲ್ಲಿರುವುದು ಒಂದು ಸಂಗೀತ, ಮತ್ತು ಆ ಸಂಗೀತವನ್ನು ಕಿವಿಗೊಟ್ಟು ಕೇಳಿದ ಹನ್ನೊಂದು ದೇಹಗಳು. ಸಂಗೀತವನ್ನು ಬಲ್ಲವನು ಆ ನೃತ್ಯದ ಅರ್ಧವನ್ನು ಮುಂಚೆಯೇ ಬಲ್ಲನೆಂದು ಹೇಳಬಹುದು.

ನೃತ್ಯದ ಹೆಸರು ‘ಕನ್ಚೆರ್ಟೊ ಬರೋಕೊ’. ಬರೋಕ್ ಎಂಬ ಮಾತು ಪೋರ್ಚುಗೀಸರ ಭಾಷೆಯಲ್ಲಿ ಸೊಟ್ಟಾದ ಮುತ್ತಿಗೆ ಇದ್ದ ಹೆಸರಿನಿಂದ ಬಂದುದೆಂದು ಹೇಳುವುದುಂಟು. ಹದಿನೇಳನೆಯ ಶತಮಾನದ ಆರಂಭದಿಂದ ಹದಿನೆಂಟನೆಯದರ ನಡುಭಾಗದವರೆಗೆ ಯೂರೋಪಿನಲ್ಲಿ ಬೆಳೆದ ಶಿಲ್ಪಕ್ಕೂ ಸಂಗೀತಕ್ಕೂ ಮುಂದಿನವರು ತಾತ್ಸಾರದಿಂದ ಇಟ್ಟ ಈ ಹೆಸರು, ಕಾಲಕ್ರಮದಲ್ಲಿ ಗೌರವದ ಹೆಸರಾಯಿತು. ಪೋರ್ಚುಗೀಸ್ ಭಾಷೆಯನ್ನಾಡುವ ಬ್ರೆಜಿಲ್ ದೇಶದಲ್ಲಿಯೇ, ರಿಯೊ ಡಿ ಜನೈರೊ ನಗರದ ಪುರಸಭೆಯ ನಾಟಕಶಾಲೆಯಲ್ಲಿ, ೧೯೪೧ನೆಯ ಇಸವಿ ಜೂನ್ ೨೭ರಂದು ಈ ನೃತ್ಯವು ಮೊದಲ ಸಲ ರಂಗವನ್ನೇರಿದುದು ಕೇವಲ ಆಕಸ್ಮಿಕ. ಆದರೆ ದಿನಾಂಕವನ್ನು ಮಾತ್ರ ನಾವು ಗಮನಿಸಬೇಕು. ಅದಕ್ಕೆ ಐದು ದಿನ ಹಿಂದೆ, ಜೂನ್ ೨೨ರಂದು, ಜರ್ಮನಿಯ ಸೈನ್ಯವು ರಷ್ಯದ ಗಡಿಯನ್ನು ದಾಟಿತ್ತು. ಸಂಗೀತ ಜರ್ಮನಿಯದು, ನೃತ್ಯವನ್ನು ಕಟ್ಟಿದಾತ ರಷ್ಯದಲ್ಲಿ ಹುಟ್ಟಿ ಬೆಳೆದವನು, ಕುಣಿದವರು ಇನ್ನೂ ಯುದ್ಧಕ್ಕೆ ಇಳಿಯದಿದ್ದ ಅಮೆರಿಕದ ತರುಣ ತರುಣಿಯರು. ಜಗತ್ತು ಹಾಗೆ ಹೊತ್ತಿಕೊಂಡಿದ್ದ ವಾರದಲ್ಲಿ ಒಂದು ತಂಡವು ಕಥೆಯೂ ಇಲ್ಲದ, ಉಪದೇಶವೂ ಇಲ್ಲದ ನೃತ್ಯವೊಂದನ್ನು ಆಡಿತೆಂದರೆ, ಅದೇನು ಉದಾಸೀನವೋ, ಇಲ್ಲವೇ ಬೇರೆ ಯಾವುದಾದರೂ ನಿಷ್ಠೆಯೋ ಎಂದು ಕೇಳುವುದು ನ್ಯಾಯವೇ.

ಮೊದಲು ಸಂಗೀತದ ವಿಚಾರ. ಯೋಹಾನ್ ಸೆಬಾಸ್ಟಿಯನ್ ಬಾಖನು ೧೬೮೫ರಲ್ಲಿ ಐಸೆನಾಖ್ ಎಂಬ ಊರಿನಲ್ಲಿ ಹುಟ್ಟಿ ೧೭೫೦ರಲ್ಲಿ ಲೈಪ್ಜಿಗ್ ನಗರದಲ್ಲಿ ತೀರಿಕೊಂಡನು. ಲೈಪ್ಜಿಗ್ಗಿನಲ್ಲಿ ಆತನ ಉದ್ಯೋಗ ಚರ್ಚಿನ ಸಂಗೀತಕ್ಕೆ ಸೇರಿದುದಾದರೂ, ೧೭೨೯ರಿಂದ ಕೆಲವು ವರ್ಷ ಅಲ್ಲಿನ ವಿದ್ಯಾರ್ಥಿಗಳೂ ವಾದಕರೂ ಸೇರಿದ ಒಂದು ಸಂಗೀತ ಮಂಡಲಿಯನ್ನೂ ಆತ ನಡೆಸುತ್ತಿದ್ದನು. ಆ ಮಂಡಲಿಯ ಕಛೇರಿಗಳು ಝಿಮ್ಮರ್ಮನ್ ಎಂಬಾತನ ಕಾಫಿ ಅಂಗಡಿಯಲ್ಲಿ ನಡೆಯುತ್ತಿದ್ದವು. ಕಾಫಿಗೂ ಸಂಗೀತಕ್ಕೂ ಉಳ್ಳ ಸ್ನೇಹವು ನಮ್ಮ ಕಡೆಯ ಕಛೇರಿಗಳಲ್ಲಿಯೇ ಮೊದಲಾದುದೆಂದು ಯಾರೂ ಹೆಮ್ಮೆಪಡಬೇಕಾದುದಿಲ್ಲ. ಎರಡು ಪಿಟೀಲುಗಳಿಗಾಗಿ ಡಿ ಮೈನರ್ ಶ್ರುತಿಯಲ್ಲಿ ಬಾಖನು ಬರೆದ ಕನ್ಚೆರ್ಟೊ ಇಂಥ ಕೂಟಗಳಿಗೆ ಒಪ್ಪುವಂಥದು. ಅದು ಆತ ಕೊಥೆನ್ ಸಂಸ್ಥಾನದ ಅರಸನ ಆಶ್ರಯದಲ್ಲಿದ್ದಾಗ, ಎಂದರೆ ೧೭೧೭ರಿಂದ ೧೭೨೩ರ ಒಳಗೆ, ಹುಟ್ಟಿತೆಂದು ಬಹುಕಾಲ ನಂಬಿದ್ದರು. ಉಳಿದುಬಂದಿರುವ ಹಸ್ತಪ್ರತಿಗಳು ೧೭೩೦ರ ಸುಮಾರಿನವಾದುದರಿಂದ, ಅದು ಲೈಪ್ಜಿಗ್ಗಿನ ಕೃತಿಯೇ ಇರಬೇಕೆಂಬುದು ಈಚಿನ ಹಲವರ ಅಭಿಪ್ರಾಯ.

ಕನ್ಚೆರ್ಟೊ ಎಂಬ ಬಗೆಯ ರಚನೆಯಲ್ಲಿ ಒಂದೋ ಎರಡೋ ವಾದ್ಯಗಳು ಮುಂದೆ ನಿಲ್ಲುತ್ತವೆ. ಉಳಿದ ವಾದ್ಯವೃಂದವು ಹಿಂದೆ ನಿಂತು ಒಮ್ಮೆ ಅವಕ್ಕೆ ಆಸರೆಯಾಗುತ್ತದೆ, ಒಮ್ಮೆ ಎದುರುತ್ತರ ಕೊಡುತ್ತದೆ. ಇಟಲಿಯ ವಿವಾಲ್ಡಿ ಈ ಬಗೆಯಲ್ಲಿ ಪ್ರವೀಣನು. ಆತನ ಹಲವು ಕೃತಿಗಳನ್ನು ಬಾಖನು ತರುಣನಾಗಿದ್ದಾಗ ಆರ್ಗನ್, ಹಾರ್ಪ್ಸಿಕಾರ್ಡ್ ವಾದ್ಯಗಳಿಗೆ ತಾನೇ ಅಳವಡಿಸಿಕೊಂಡು ಅಭ್ಯಾಸ ಮಾಡಿದ್ದನು. ನಮ್ಮಲ್ಲಿ ಜೋಡಿ ಪಿಟೀಲಿನ ಕಛೇರಿಯೆಂದರೆ ಇಬ್ಬರೂ ಒಂದೇ ಕೃತಿಯನ್ನು ಒಟ್ಟಿಗೆ ನುಡಿಸುತ್ತಾರೆ. ಸ್ವರ ಹಾಕುವಾಗ ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ನಡೆಯುತ್ತಾರೆ. ಬಾಖನ ಜೋಡಿಯ ರೀತಿ ಬೇರೆ. ಒಂದು ಪಿಟೀಲು ಒಂದು ಮಾತನ್ನು ಆಡಲು ತೊಡಗಿ ಇನ್ನೂ ಮುಗಿಸಿರುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಅದೇ ಮಾತನ್ನು ಬೇರೆ ಸ್ಥಾಯಿಯಿಂದ ಎತ್ತಿಕೊಳ್ಳುತ್ತದೆ. ಮೊದಲನೆಯದು ಸುಮ್ಮನಾಗುವುದಿಲ್ಲ, ಎರಡನೆಯದಕ್ಕೆ ಹೊಂದುವಂಥ ಬೇರೆ ಮಾತನ್ನು ಹೇಳುತ್ತ ಹೋಗುತ್ತದೆ. ಕೇಳುವವನು ಏಕಕಾಲದಲ್ಲಿ ಎರಡು ಎಳೆಗಳನ್ನು ಹಿಡಿದುಕೊಳ್ಳಬೇಕು. ಇವೆರಡರಲ್ಲಿ ಮೇಲುಕೀಳಿಲ್ಲ. ಒಮ್ಮೆ ಮೇಲೆ ಹೋದ ಎಳೆ ಮತ್ತೊಮ್ಮೆ ಕೆಳಗೆ ಬಂದು, ಕೆಳಗಿನದು ಮೇಲಾಗಿ, ನೇಯ್ಗೆ ನಡೆಯುತ್ತದೆ. ಕೃತಿಗೆ ಮೂರು ಭಾಗಗಳುಂಟು: ಮೊದಲನೆಯದು ಚುರುಕು, ನಡುವಿನದು ವಿಳಂಬ, ಕೊನೆಯದು ಮತ್ತೆ ದ್ರುತ. ಎಲ್ಲ ಸೇರಿ ಸುಮಾರು ಕಾಲು ಗಂಟೆಯ ಸಂಗೀತ.

ಇಂಥ ಸಂಗೀತಕ್ಕೆ ಕುಣಿಯುವುದು ಸರಿಯೇ? ಈ ಪ್ರಶ್ನೆ ಇಂದು ಯಾರಿಗೂ ತೋರುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದು ಪತ್ರಿಕೆಗಳಲ್ಲಿ ಜಗಳಕ್ಕೆ ಕಾರಣವಾದ ಪ್ರಶ್ನೆ. ಬ್ಯಾಲೆಗೆಂದು ಬರೆದ ಸಂಗೀತವೇ ಬೇರೆ. ಅದು ಕಾಲಿಗೆ ತಕ್ಕಂತೆ, ಕಥೆಗೆ ತಕ್ಕಂತೆ, ಎಷ್ಟೋ ಸಲ ಮುಖ್ಯ ನರ್ತಕಿಯ ಹಟಕ್ಕೆ ತಕ್ಕಂತೆ ಬರೆದುದು. ಬೀತೊವನ್, ಬ್ರಾಮ್ಸ್, ಬಾಖ್ ಮೊದಲಾದವರ ಶುದ್ಧ ವಾದ್ಯಸಂಗೀತವು ತನ್ನಲ್ಲಿಯೇ ಪೂರ್ಣವಾದುದು, ಅದಕ್ಕೆ ಕಾಲು ಕೈಗಳ ಟೀಕೆಟಿಪ್ಪಣಿ ಏತಕ್ಕೆಂದು ಸಂಗೀತ ವಿಮರ್ಶಕರು ಸಿಡಿಮಿಡಿಗೊಳ್ಳುತ್ತಿದ್ದರು. ಇಸಡೊರ ಡಂಕನ್ ಬೀತೊವನ್ನನ ಏಳನೆಯ ಸಿಂಫೊನಿಗೆ ಬರಿಗಾಲಿನಲ್ಲಿ ನರ್ತಿಸಿದಾಗ ಈ ಆಕ್ಷೇಪಣೆ ಹುಟ್ಟಿತು. ೧೯೩೩ರಲ್ಲಿ ಲಿಯೊನಿಡ್ ಮಾಸೀನ್ ಎಂಬಾತ ಚೈಕಾಫ್ಸ್ಕಿಯ ಐದನೆಯ ಸಿಂಫೊನಿಗೂ ಬ್ರಾಮ್ಸನ ನಾಲ್ಕನೆಯದಕ್ಕೂ ದೊಡ್ಡ ಬ್ಯಾಲೆಗಳನ್ನು ಕಟ್ಟಿದಾಗ ಅದು ಉರಿದೆದ್ದಿತು. ಇಂಗ್ಲೆಂಡಿನ ಹಿರಿಯ ವಿಮರ್ಶಕ ಅರ್ನೆಸ್ಟ್ ನ್ಯೂಮನ್ ಮಾಸೀನನ ಪಕ್ಷ ವಹಿಸಿದುದು ಹಲವರಿಗೆ ಅಚ್ಚರಿಯನ್ನುಂಟುಮಾಡಿತು.

ಭರತನಾಟ್ಯವನ್ನು ಬಲ್ಲ ನಮಗೆ ಈ ಜಗಳದ ಒಂದು ಅರ್ಧ ವಿಚಿತ್ರವಾಗಿ ಕಾಣುತ್ತದೆ. ಅರ್ಥವನ್ನು ತೋರಿಸುವ ಅಭಿನಯ ಒಂದು, ಅರ್ಥವನ್ನೇನೂ ತೋರಿಸದ ನೃತ್ತ ಒಂದು ಎಂದು ನಮ್ಮವರು ಪೂರ್ವದಲ್ಲಿಯೇ ವಿಭಾಗಿಸಿಟ್ಟಿದ್ದಾರೆ. ಜತಿಸ್ವರದಲ್ಲಿ ಸಾಹಿತ್ಯವೇ ಇಲ್ಲ. ಆದರೂ ಅದರಲ್ಲಿ ‘ಕಥೆ ಎಲ್ಲಿ?’ ಎಂದು ಯಾರೂ ಕೇಳಲಿಲ್ಲ. ಕಥೆಯಿಲ್ಲದ ನೃತ್ಯಕ್ಕೆ ಸಮರ್ಥನೆ ಬೇಕೆಂಬುದು ಪಾಶ್ಚಾತ್ಯರ ತೊಡಕು. ಜಗಳದ ಇನ್ನೊಂದು ಅರ್ಧ ಮಾತ್ರ ನಿಜವಾದುದು. ಜತಿಸ್ವರವು ನೃತ್ಯಕ್ಕೆಂದೇ ಹುಟ್ಟಿದ ರಚನೆ. ಬಾಖನ ಕನ್ಚೆರ್ಟೊ ಹಾಗಲ್ಲ. ತನಗಾಗಿ ಬರೆಯದ ಮನೆಗೆ ನೃತ್ಯವು ಕರೆಯದೆ ಬಂದ ಅತಿಥಿ. ಅದು ಅಲ್ಲಿ ಹೇಗೆ ನಡೆದುಕೊಳ್ಳಬೇಕು?

ಈ ಪ್ರಶ್ನೆಗೆ ಉತ್ತರ ಕೊಡಲು ಜಾರ್ಜ್ ಬ್ಯಾಲನ್ಷೀನ್‌ನಷ್ಟು ತಕ್ಕವರು ಆಗ ಬೇರೆ ಇರಲಿಲ್ಲವೆಂದು ನಮ್ಮ ಅಭಿಪ್ರಾಯ. ಆತನು ೧೯೦೪ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದನು. ತಂದೆ ಮೆಲಿಟನ್ ಬಲಂಚಿವಾಡ್ಸೆ ಜಾರ್ಜಿಯ ದೇಶದ ಹೆಸರಾಂತ ಸಂಗೀತಕರ್ತ. ತಮ್ಮನೂ ಮುಂದೆ ಸಂಗೀತಕರ್ತನಾಗಿ ಜಾರ್ಜಿಯದಲ್ಲಿ ನೆಲೆಸಿದನು. ಬಾಲಕನು ಚಕ್ರವರ್ತಿಯ ನಾಟಕಶಾಲೆಗೆ ಸೇರಿದ ನೃತ್ಯವಿದ್ಯಾಲಯದಲ್ಲಿ ಕಲಿತನು; ಕ್ರಾಂತಿಯಾದ ಮೇಲೆ ಹಸಿವು ಚಳಿಗಳ ದಿನಗಳಲ್ಲಿ ಅದೇ ನಗರದ ಸಂಗೀತ ವಿದ್ಯಾಲಯದಲ್ಲಿ ಪಿಯಾನೊ ಮತ್ತು ಸಂಗೀತಶಾಸ್ತ್ರಗಳನ್ನು ಅಭ್ಯಾಸ ಮಾಡಿದನು. ನೃತ್ಯ ಕಟ್ಟುವವರಲ್ಲಿ ಸಂಗೀತವನ್ನು ಪ್ರೀತಿಸುವವರು ಹೇರಳ. ವಾದ್ಯವೃಂದದ ಬರಹವನ್ನು ಮುಂದಿಟ್ಟುಕೊಂಡು ಓದಿ, ಪಿಯಾನೊವಿಗೆ ತಾನೇ ಇಳಿಸಿ ನುಡಿಸಬಲ್ಲವರು ವಿರಳ. ಬ್ಯಾಲನ್ಷೀನ್ ಆ ವಿರಳರಲ್ಲಿ ಒಬ್ಬ. ೧೯೨೪ರಲ್ಲಿ ರಷ್ಯವನ್ನು ಬಿಟ್ಟು ದ್ಯಾಗಿಲೆಫ್‌ನ ಪ್ರಸಿದ್ಧ ಬ್ಯಾಲೆ ತಂಡವನ್ನು ಸೇರಿದನು. ೧೯೨೮ರಲ್ಲಿ ಸ್ಟ್ರಾವಿನ್ಸ್ಕಿಯ ಸಂಗೀತಕ್ಕೆ ‘ಅಪೊಲೊ’ ನೃತ್ಯವನ್ನು ಕಟ್ಟಿದನು. ಲಿಂಕನ್ ಕರ್ಸ್ಟೀನ್ ಎಂಬ ಅಮೆರಿಕದ ತರುಣ ಶ್ರೀಮಂತ ಸಾಹಿತಿಯ ಆಹ್ವಾನದ ಮೇಲೆ ೧೯೩೩ರಲ್ಲಿ ನ್ಯೂಯಾರ್ಕಿಗೆ ಬಂದನು. ೧೯೩೪ರ ಜನವರಿಯಲ್ಲಿ ಇಬ್ಬರೂ ಸೇರಿ ಅಲ್ಲಿ ಒಂದು ನೃತ್ಯಶಾಲೆಯನ್ನು ತೆರೆದರು. ತಂಡಕ್ಕಿಂತ ಮೊದಲು ಶಾಲೆ ಬೇಕೆಂಬುದು ಆತನ ಹಟವಾಗಿತ್ತು.

‘ಕನ್ಚೆರ್ಟೊ ಬರೋಕೊ’ ಹುಟ್ಟಿದುದು ಈ ಶಾಲೆಯ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸಪಾಠವಾಗಿ. ಇದನ್ನು ಮರೆಯಬಾರದು. ಕವಿಯ ಸ್ಫೂರ್ತಿ, ಪ್ರೇಮ, ವಿರಹ ಮೊದಲಾದ ಯಾವ ದೊಡ್ಡ ಮಾತೂ ಇದರ ಜನನದಲ್ಲಿಲ್ಲ. ಶಿಷ್ಯರಿಗೆ ಕಾಲ, ಲಯ, ಸಾಲು ಇವುಗಳಲ್ಲಿ ಶಿಕ್ಷಣ ಕೊಡುವ ಉಪಾಧ್ಯಾಯನ ಕೆಲಸ ಅದು.

ಆ ಪಾಠವು ರಿಯೊ ನಗರಕ್ಕೆ ಹೋದ ಬಗೆ ರಾಜಕೀಯಕ್ಕೆ ಸೇರಿದ್ದು. ದಕ್ಷಿಣ ಅಮೆರಿಕದ ರಾಷ್ಟ್ರಗಳು ಜರ್ಮನಿ ಇಟಲಿಗಳ ಕಡೆಗೆ ವಾಲದಂತೆ ನೋಡಿಕೊಳ್ಳಬೇಕೆಂದು ಅಮೆರಿಕದ ಸರಕಾರವು ೧೯೪೦ರಲ್ಲಿ ಒಂದು ಕಚೇರಿಯನ್ನು ಸ್ಥಾಪಿಸಿ, ನೆಲ್ಸನ್ ರಾಕ್‌ಫೆಲರನನ್ನು ಅದಕ್ಕೆ ಮುಖ್ಯಾಧಿಕಾರಿಯನ್ನಾಗಿ ಮಾಡಿತ್ತು. ಕರ್ಸ್ಟೀನನಿಗೂ ರಾಕ್‌ಫೆಲರನಿಗೂ ಸ್ನೇಹವಿತ್ತು. ಆ ಸ್ನೇಹದ ಫಲವಾಗಿ ‘ಅಮೆರಿಕನ್ ಬ್ಯಾಲೆ ಕ್ಯಾರವಾನ್’ ಎಂಬ ತಂಡ ಸಿದ್ಧವಾಗಿ, ೧೯೪೧ರ ಜೂನಿನಿಂದ ಅಕ್ಟೋಬರಿನವರೆಗೆ ಬ್ರೆಜಿಲ್, ಅರ್ಜೆಂಟೀನ, ಚಿಲಿ, ಪೆರು ಮೊದಲಾದ ದೇಶಗಳಲ್ಲಿ ಸಂಚರಿಸಿತು. ಹೊರಡುವ ಮುನ್ನ ಮೇ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನ ಹಂಟರ್ ಕಾಲೇಜಿನ ಸಣ್ಣ ನಾಟಕಶಾಲೆಯಲ್ಲಿ ಒಂದು ಸಿದ್ಧತಾ ಪ್ರದರ್ಶನವಾಯಿತು. ದುಡ್ಡು ಕೊಟ್ಟವರಿಗೆ ಬೇಕಾಗಿದ್ದುದು ತಮ್ಮ ದೇಶದಲ್ಲಿ ಯಂತ್ರಗಳಲ್ಲದೆ ಸಂಸ್ಕೃತಿಯೂ ಉಂಟೆಂಬ ಪ್ರಮಾಣಪತ್ರ. ಅದಕ್ಕೆ ಬ್ಯಾಲನ್ಷೀನ್ ಒಯ್ದುದು ಅಮೆರಿಕದ ಯಾವ ಕಥೆಯನ್ನೂ ಅಲ್ಲ: ಚೈಕಾಫ್ಸ್ಕಿಯ ಸಂಗೀತಕ್ಕೆ ಕಟ್ಟಿದ ‘ಬ್ಯಾಲೆ ಇಂಪೀರಿಯಲ್’ ಒಂದು, ಬಾಖನ ಜೋಡಿ ಪಿಟೀಲು ಒಂದು. ಜರ್ಮನಿಯನ್ನು ಎದುರಿಸಲು ಕಳುಹಿಸಿದ ದೂತನ ಕೈಯಲ್ಲಿ ಜರ್ಮನಿಯ ಹಾಡು! ಯುದ್ಧಕಾಲದಲ್ಲಿ ಶತ್ರುವಿನ ದೇಶದ ಸಂಗೀತವನ್ನು ಬಹಿಷ್ಕರಿಸುವ ಕೂಗು ಎಲ್ಲೆಡೆಯೂ ಏಳುವುದುಂಟು. ಬಾಖನು ಹಿಟ್ಲರನ ಆಸ್ತಿಯಲ್ಲವೆಂದು ಯಾರೂ ಭಾಷಣ ಮಾಡಲಿಲ್ಲ. ಹನ್ನೊಂದು ಜನ ಕುಣಿದು ತೋರಿಸಿದರು, ಅಷ್ಟೆ. ನಾವು ಮೊದಲು ಕೇಳಿದ ಪ್ರಶ್ನೆಗೆ, ಉದಾಸೀನವೋ ನಿಷ್ಠೆಯೋ ಎಂಬುದಕ್ಕೆ, ಇದನ್ನು ನೋಡಿದ ಮೇಲೆ ಉದಾಸೀನವೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಇನ್ನು ನೃತ್ಯದ ಒಳಗೆ ಬರೋಣ. ತೆರೆ ಎದ್ದಾಗ ಎಂಟು ಮಂದಿ ನರ್ತಕಿಯರು ನಾಲ್ಕು ನಾಲ್ಕು ಮಂದಿಯ ಎರಡು ಸಾಲಾಗಿ ನಿಂತಿದ್ದಾರೆ. ವಾದ್ಯವೃಂದವು ತೊಡಗುತ್ತಲೂ ಇವರು ತೊಡಗುತ್ತಾರೆ. ಬಾಖನ ಮೊದಲ ಭಾಗದಲ್ಲಿ ಒಂದು ಧ್ವನಿಯಾದ ಮೇಲೆ ಒಂದು ಧ್ವನಿ ಅದೇ ಮಾತನ್ನು ಎತ್ತಿಕೊಳ್ಳುವುದೆಂದು ಹೇಳಿದೆವಷ್ಟೆ. ಕಿವಿಗೆ ಕೇಳುವ ಆ ಸಾಲುಗಳೆಲ್ಲ ಇಲ್ಲಿ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುತ್ತವೆ. ಕಿವಿ ಅಷ್ಟಾಗಿ ಪಳಗದವನಿಗೆ ಕಣ್ಣೇ ಸಂಗೀತಪಾಠ ಹೇಳಿಕೊಡುತ್ತದೆ. ಮುಂದೆ ಒಂಟಿ ಪಿಟೀಲು ನುಡಿಯುವಲ್ಲಿ ಒಬ್ಬ ಮುಖ್ಯ ನರ್ತಕಿ ಬರುತ್ತಾಳೆ. ಎರಡನೆಯ ಪಿಟೀಲಿನ ಜೊತೆಗೆ ಎರಡನೆಯವಳು. ಇಬ್ಬರೂ ಸಮಾನರು. ಒಬ್ಬಳ ಹೆಜ್ಜೆ ಇನ್ನೊಬ್ಬಳಲ್ಲಿ ಅರೆಕ್ಷಣ ತಡವಾಗಿ ಪ್ರತಿಬಿಂಬಿಸುತ್ತದೆ. ಆದರೆ ಒಂದು ಸ್ವರಕ್ಕೆ ಒಂದು ಹೆಜ್ಜೆಯೆಂಬ ಗುಮಾಸ್ತೆಯ ಲೆಕ್ಕವನ್ನು ಬ್ಯಾಲನ್ಷೀನ್ ಎಲ್ಲಿಯೂ ಇಟ್ಟುಕೊಂಡಿಲ್ಲ. ಕೆಲವೆಡೆ ಪಿಟೀಲು ಓಡುವಾಗ ನರ್ತಕಿ ನಿಲ್ಲುತ್ತಾಳೆ. ಕೆಲವೆಡೆ ಅವಳ ಕಾಲು ಬಾಖನು ಬರೆಯದ ಮೂರನೆಯ ಎಳೆಯೊಂದನ್ನು ನೇಯುತ್ತದೆ. ಕರೆಯದೆ ಬಂದ ಅತಿಥಿ ಮನೆಯವರ ಮಾತನ್ನೇ ಅನುಕರಿಸಿ ಆಡಿದರೆ ಅಪಹಾಸ್ಯ. ತನ್ನದೊಂದು ಮಾತನ್ನು ಸಮಯವರಿತು ಸೇರಿಸಿದರೆ ಸಂಭಾಷಣೆ.

ನಡುವಿನ ವಿಳಂಬ ಭಾಗವೇ ಕೃತಿಯ ಹೃದಯ. ಬಾಖನು ಬರೆದ ಅತ್ಯಂತ ಮಧುರವಾದ ಪುಟಗಳಲ್ಲಿ ಇವು ಸೇರಿದುವು. ವೃಂದವು ಇಲ್ಲಿ ಬರಿಯ ಆಸರೆಯಾಗಿ ಹಿಂದೆ ಸರಿಯುತ್ತದೆ; ಎರಡು ಪಿಟೀಲುಗಳೂ ಒಂದನ್ನೊಂದು ಬಿಟ್ಟಿರಲಾರದೆ ಉದ್ದನೆಯ ಉಸಿರಿನಲ್ಲಿ ಹಾಡುತ್ತವೆ. ಇಲ್ಲಿಗೆ ಬಂದಾಗ ನೋಡುವವನ ಲೆಕ್ಕ ಮುರಿಯುತ್ತದೆ. ಎರಡು ಪಿಟೀಲಿಗೆ ಇಬ್ಬರು ನರ್ತಕಿಯರೆಂದು ಅವನು ನಿಶ್ಚಯಿಸಿಕೊಂಡಿರುವಾಗ, ಎರಡನೆಯವಳು ಹಿಂದೆ ಸರಿದು, ಅದುವರೆಗೆ ರಂಗದಲ್ಲಿ ಇಲ್ಲದಿದ್ದ ಒಬ್ಬ ಪುರುಷನು ಬರುತ್ತಾನೆ. ಇಡೀ ನೃತ್ಯದಲ್ಲಿ ಪುರುಷನು ಅವನೊಬ್ಬನೇ. ಈ ಭಾಗ ಮುಗಿದೊಡನೆ ಹೊರಟುಹೋಗುತ್ತಾನೆ. ಅವನು ಪಿಟೀಲಲ್ಲ. ಅವನು ತಾನಾಗಿ ಕುಣಿಯುವುದೂ ಅಲ್ಪವೇ. ಮೊದಲ ನರ್ತಕಿಯನ್ನು ಎತ್ತುತ್ತಾನೆ, ಇಳಿಸುತ್ತಾನೆ, ನೆಲದ ಮೇಲೆ ಜಾರಿಸಿಕೊಂಡು ಹೋಗುತ್ತಾನೆ, ಕೈಕೈ ಹಿಡಿದು ಸರಪಳಿಯಾಗಿ ನಿಂತ ಎಂಟು ಮಂದಿಯ ನಡುವೆ ಅವಳನ್ನು ನಡೆಸುತ್ತಾನೆ. ಸ್ವರ ಏರಿ ಇಳಿಯುವಲ್ಲಿ ಅವಳು ಗಾಳಿಯಲ್ಲಿ ಕಮಾನಿನಂತೆ ಏರಿ ಕಾಲ್ಬೆರಳ ತುದಿಯ ಮೇಲೆ ಇಳಿಯುತ್ತಾಳೆ. ಮತ್ತೆ ಏರುತ್ತಾಳೆ, ಮತ್ತೆ ಇಳಿಯುತ್ತಾಳೆ. ಇದು ಪ್ರೇಮವೋ? ಭಕ್ತಿಯೋ? ನೋಡುವವನಿಗೆ ತೋರಿದಂತೆ. ಬ್ಯಾಲನ್ಷೀನ್ ಒಂದು ಮಾತನ್ನೂ ಹೇಳಿ ಕೊಡಲಿಲ್ಲ. ನಮಗಂತೂ ಅದು, ಸಂಗೀತಕ್ಕೆ ಭಾರವಿದ್ದರೆ ಅದನ್ನು ಹೊರುವ ಕೈಗಳು ಹೀಗಿದ್ದಾವೆಂದು ತೋರುತ್ತದೆ.

ಮೂರನೆಯ ಭಾಗದಲ್ಲಿ ಮತ್ತೆ ಹತ್ತು ಮಂದಿ ಹೆಂಗಸರು. ಇಲ್ಲಿ ನೃತ್ಯವು ಲಯದ ಆಟಕ್ಕೆ ಇಳಿಯುತ್ತದೆ. ಕಾಲ್ಬೆರಳ ತುದಿಯಲ್ಲಿ ನಿಂತೇ ಕುಪ್ಪಳಿಸುವುದು, ತಾಳದ ಪೆಟ್ಟು ಬೀಳುವುದಕ್ಕೆ ಸ್ವಲ್ಪ ಮುಂಚೆಯೋ ಸ್ವಲ್ಪ ಹಿಂದೆಯೋ ಕಾಲಿಡುವುದು. ನಮ್ಮ ಸಂಗೀತದಲ್ಲಿ ಅತೀತ ಅನಾಗತ ಎಡಪುಗಳಲ್ಲಿ ಸಿಕ್ಕುವಂಥ ಒಂದು ಚೇಷ್ಟೆ. ಬಾಖನಲ್ಲಿಯೇ ಇದಕ್ಕೆ ಎಡೆಯಿದೆ. ಆದರೆ ಅದನ್ನು ಬ್ಯಾಲನ್ಷೀನ್‌ನ ಕಿವಿ ಅಷ್ಟು ಚುರುಕಾಗಿ ಹಿಡಿದುದಕ್ಕೆ ನ್ಯೂಯಾರ್ಕ್ ನಗರವೂ ಕಾರಣ. ಹೊಟ್ಟೆಪಾಡಿಗಾಗಿಯೂ ಇಷ್ಟಕ್ಕಾಗಿಯೂ ಆತನು ಬ್ರಾಡ್ವೇ ಎಂಬ ಬೀದಿಯ ವಿನೋದ ನಾಟಕಗಳಿಗೆ ನೃತ್ಯಗಳನ್ನು ಕಟ್ಟುತ್ತಿದ್ದನು. ಹಿಂದಿನ ವರ್ಷ, ೧೯೪೦ರಲ್ಲಿ, ನೀಗ್ರೊ ನಟರೇ ಆಡಿದ ‘ಕ್ಯಾಬಿನ್ ಇನ್ ದಿ ಸ್ಕೈ’ ಎಂಬ ನಾಟಕದಲ್ಲಿ ಕ್ಯಾಥರೀನ್ ಡನಮ್ ಎಂಬ ಮಹಾ ನರ್ತಕಿಯ ಜೊತೆಯಲ್ಲಿ ಕೆಲಸ ಮಾಡಿದ್ದನು. ಜಾಜ್ ಸಂಗೀತದ ಒಡೆದ ಲಯವು ಲೈಪ್ಜಿಗ್ಗಿನ ಪಿಟೀಲಿನಲ್ಲಿ ಕೂಡಿಕೊಂಡುದನ್ನು ಕಂಡ ಮೇಲೆ, ಬಾಖನ ತಾಳವು ದೇವಾಲಯದ ಗೋಡೆಯಂತೆ ಚಲಿಸದ ವಸ್ತುವೆಂದು ತಿಳಿದಿದ್ದವರು ಮತ್ತೊಮ್ಮೆ ಕೇಳಿ ನೋಡಬೇಕಾಯಿತು. ಆ ಎಂಟು ಮಂದಿಯ ಕಷ್ಟವನ್ನೂ ಇಲ್ಲಿ ಹೇಳಬೇಕು. ಇತರ ಬ್ಯಾಲೆಗಳಲ್ಲಿ ಮೇಳದವರು ಬಂದು ಹೋಗಿ ಉಸಿರೆಳೆದುಕೊಳ್ಳುತ್ತಾರೆ. ಇದರಲ್ಲಿ ಅವರು ಮೊದಲಿನಿಂದ ಕೊನೆಯವರೆಗೆ ರಂಗವನ್ನು ಬಿಡುವಂತೆಯೇ ಇಲ್ಲ.

ಆ ಮೊದಲ ಪ್ರದರ್ಶನದ ಮುಖ್ಯರು ಮರೀ ಝಾನ್, ಮೇರಿ ಜೇನ್ ಷೇ ಎಂಬ ಇಬ್ಬರು ನರ್ತಕಿಯರು ಮತ್ತು ವಿಲಿಯಂ ಡಾಲರ್ ಎಂಬ ನರ್ತಕ. ಯುಜೀನ್ ಬರ್ಮನ್ ಎಂಬ ರಷ್ಯದ ಚಿತ್ರಕಾರನು ಪರದೆಯನ್ನೂ ಉಡುಪುಗಳನ್ನೂ ಬರೋಕ್ ಹೆಸರಿಗೆ ಒಪ್ಪುವಂತೆ ರಚಿಸಿದ್ದನು. ಆತನು ಸಮರ್ಥ ಚಿತ್ರಕಾರನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ನೃತ್ಯದ ಚರಿತ್ರೆಯೆಂದರೆ ಆತನ ಕೆಲಸವು ಕಳಚಿಬಿದ್ದ ಚರಿತ್ರೆ. ೧೯೪೫ರಲ್ಲಿ ‘ಬ್ಯಾಲೆ ರೂಸ್ ದ ಮಾಂಟೆ ಕಾರ್ಲೊ’ ತಂಡವು ಇದನ್ನು ನ್ಯೂಯಾರ್ಕಿನಲ್ಲಿ ಆಡಿದಾಗ ಬ್ಯಾಲನ್ಷೀನ್ ನರ್ತಕಿಯರಿಗೆ ದಿನನಿತ್ಯದ ಅಭ್ಯಾಸದ ಕಪ್ಪು ಉಡುಪನ್ನೇ ತೊಡಿಸಿದನು. ಬೆಳಿಗ್ಗೆ ಸಾಧನೆ ಮಾಡಿದ ಬಟ್ಟೆಯಲ್ಲಿ ಸಾಯಂಕಾಲ ರಂಗಕ್ಕೆ! ಇಂದು ಜಗತ್ತಿನ ಎಲ್ಲೆಡೆಯೂ ಸಾಮಾನ್ಯವಾಗಿ ಹೋಗಿರುವ ಈ ಪದ್ಧತಿಗೆ ಇದೇ ಮೊದಲೆಂದು ಎಣಿಸುವವರುಂಟು. ಎಡ್ವಿನ್ ಡೆನ್ಬಿ ಎಂಬ ಕವಿ ವಿಮರ್ಶಕನು ಆಗ ಪತ್ರಿಕೆಯಲ್ಲಿ ಈ ನೃತ್ಯವನ್ನು ಮನಸಾರೆ ಹೊಗಳಿದನು. ಮುಂದೆ ಕಪ್ಪು ಹೋಗಿ ಬಿಳಿಯ ಸರಳ ಉಡುಪು ಬಂದಿತು. ಪರದೆಯ ಬದಲು ಬರಿಯ ನೀಲಿಯ ಹಿನ್ನೆಲೆ ನಿಂತಿತು. ಒಂದೊಂದು ಅಲಂಕಾರ ಕಳೆದಂತೆಲ್ಲ ನೃತ್ಯವು ಬಡವಾಗಲಿಲ್ಲ. ಕಾಣಬೇಕಾದುದು ಕಾಣತೊಡಗಿತು. ಉಡುಪಿನ ನೆರಿಗೆಗಳ ಹಿಂದೆ ಅಡಗಿದ್ದ ಮಂಡಿ, ತೊಡೆ, ಬೆನ್ನುಗಳ ರೇಖೆಗಳೇ ಬಾಖನ ಎಳೆಗಳೆಂದು ಆಗ ತಿಳಿಯಿತು. ನಮ್ಮ ಕಡೆಯವರು ರತ್ನಾಭರಣಗಳಿಲ್ಲದೆ ನೃತ್ಯವನ್ನು ಊಹಿಸಲಾರರು. ಅದಕ್ಕೆ ಬೇರೆ ಕಾರಣಗಳಿವೆ, ಅದು ಬೇರೆ ಉಪನ್ಯಾಸದ ಮಾತು.

೧೯೪೮ರ ಅಕ್ಟೋಬರ್ ೧೧ರಂದು ‘ನ್ಯೂಯಾರ್ಕ್ ಸಿಟಿ ಬ್ಯಾಲೆ’ ಎಂಬ ಹೆಸರಿನಲ್ಲಿ ಬ್ಯಾಲನ್ಷೀನ್ ಮತ್ತು ಕರ್ಸ್ಟೀನರ ತಂಡವು ಮೊದಲ ಪ್ರದರ್ಶನವನ್ನು ಕೊಟ್ಟಾಗ ಆಡಿದ ಮೂರು ನೃತ್ಯಗಳಲ್ಲಿ ಇದೂ ಒಂದು. ಉಳಿದೆರಡು ‘ಆರ್ಫಿಯಸ್’ ಮತ್ತು ಬಿಜೆಯ ಸಂಗೀತಕ್ಕೆ ಕಟ್ಟಿದ ‘ಸಿಂಫೊನಿ ಇನ್ ಸಿ’. ವಿದ್ಯಾರ್ಥಿಗಳ ಪಾಠವಾಗಿದ್ದುದು ಏಳು ವರ್ಷಗಳಲ್ಲಿ ಒಂದು ಮಹಾಸಂಸ್ಥೆಯ ಹೊಸ್ತಿಲಾಯಿತು.

ಬರೋಕ್ ಸಂಗೀತದ ಸಹವಾಸವನ್ನು ಬ್ಯಾಲನ್ಷೀನ್ ಅಷ್ಟಕ್ಕೇ ಬಿಡಲಿಲ್ಲ. ೧೯೫೭ರಲ್ಲಿ ವಿವಾಲ್ಡಿ, ಕೊರೆಲ್ಲಿಯರ ಸಂಗೀತಕ್ಕೆ ‘ಸ್ಕ್ವೇರ್ ಡಾನ್ಸ್’ ಎಂಬುದನ್ನು ಕಟ್ಟಿ, ಅಮೆರಿಕದ ಹಳ್ಳಿಗಳ ಕುಣಿತದಲ್ಲಿ ಹೆಜ್ಜೆಗಳನ್ನು ಕೂಗಿ ಹೇಳುವವನೊಬ್ಬನನ್ನು ರಂಗದ ಮೇಲೆಯೇ ನಿಲ್ಲಿಸಿದನು; ೧೯೭೬ರಲ್ಲಿ ಆ ಕೂಗುವವನನ್ನು ತೆಗೆದುಹಾಕಿದನು. ಇಲ್ಲಿಯೂ ಕಳಚುವುದೇ ಕ್ರಮ. ೧೯೭೫ರಲ್ಲಿ ಪಾಲ್ ಟೇಲರ್ ಎಂಬ ಮತ್ತೊಬ್ಬ ಅಮೆರಿಕದವನು ‘ಎಸ್ಪ್ಲನೇಡ್’ ಎಂಬ ನೃತ್ಯದಲ್ಲಿ ಬಾಖನ ಇದೇ ಜೋಡಿ ಪಿಟೀಲಿನ ಕೊನೆಯ ಎರಡು ಭಾಗಗಳನ್ನು ಬಳಸಿಕೊಂಡು, ಬ್ಯಾಲೆಯ ಒಂದು ಹೆಜ್ಜೆಯೂ ಇಲ್ಲದೆ, ಬರಿಯ ನಡೆಯುವುದು, ಓಡುವುದು, ಜಾರುವುದು, ಬೀಳುವುದು ಇವುಗಳಿಂದಲೇ ನೃತ್ಯವನ್ನು ಹೆಣೆದನು. ಬ್ಯಾಲನ್ಷೀನ್‌ನ ನರ್ತಕಿಯು ಕಾಲ್ಬೆರಳಲ್ಲಿ ನಿಂತಲ್ಲಿ ಟೇಲರನ ನರ್ತಕಿಯು ಅಂತರಿಕ್ಷದಿಂದ ಹಾರಿ ಗೆಳೆಯನ ತೋಳಿಗೆ ಬೀಳುತ್ತಾಳೆ. ಇಬ್ಬರಿಗೂ ಬಾಖನು ಎಡೆ ಕೊಟ್ಟನು. ಒಂದು ಸಂಗೀತಕ್ಕೆ ಒಂದೇ ನೃತ್ಯ ಸರಿಯೆಂದು ವಾದಿಸುವವರು ಇವೆರಡನ್ನೂ ನೋಡಬೇಕು.

ಬಾಖನ ಕೈಬರಹಕ್ಕೆ ಏನಾಯಿತೆಂಬುದನ್ನು ಹೇಳಿ, ಬ್ಯಾಲನ್ಷೀನ್‌ನ ಕೃತಿಗೆ ಏನಾಯಿತೆಂಬುದನ್ನು ಅದರ ಪಕ್ಕದಲ್ಲಿಡಬೇಕೆಂದು ನಮಗೆ ಆಸೆ. ಜೋಡಿ ಪಿಟೀಲುಗಳ ಭಾಗಗಳ ಹಳೆಯ ಹಸ್ತಪ್ರತಿ ಬರ್ಲಿನ್ ನಗರದ ಗ್ರಂಥಾಲಯದಲ್ಲಿತ್ತು. ಯುದ್ಧದಲ್ಲಿ ಬಾಂಬುಗಳ ಭಯದಿಂದ ಅಲ್ಲಿನ ನಿಧಿಗಳನ್ನು ಪೂರ್ವದ ಕಡೆಗೆ ಸಾಗಿಸಿದರು. ಯುದ್ಧ ಮುಗಿದಾಗ ಆ ಪ್ರದೇಶವೇ ಪೋಲೆಂಡಿಗೆ ಸೇರಿತು. ಹಸ್ತಪ್ರತಿಯು ಈಗ ಕ್ರಾಕೊ ನಗರದ ಯ್ಯಾಗೆಲ್ಲೋನಿಯನ್ ಗ್ರಂಥಾಲಯದಲ್ಲಿದೆ. ಕಾಗದ ಎಲ್ಲಿದ್ದರೂ ಕಾಗದವೇ. ಅದರಿಂದ ಸಂಗೀತವನ್ನು ಎಬ್ಬಿಸಬಹುದು. ನೃತ್ಯಕ್ಕೆ ಅಂಥ ಭರವಸೆಯಿಲ್ಲ. ನೃತ್ಯವನ್ನು ಬರೆದಿಡುವ ಲಿಪಿಗಳು ಇವೆಯಾದರೂ ಅದು ಮುಖ್ಯವಾಗಿ ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ, ನಮ್ಮ ಗುರುಕುಲದಲ್ಲಿ ಪಾಠ ದಾಟುವಂತೆ, ದಾಟುತ್ತದೆ. ಬ್ಯಾಲನ್ಷೀನ್ ೧೯೮೩ರಲ್ಲಿ ತೀರಿಕೊಂಡನು. ಆತನ ಕೃತಿಗಳ ಆಡಳಿತಕ್ಕಾಗಿ ೧೯೮೭ರಲ್ಲಿ ಒಂದು ನ್ಯಾಸ ಏರ್ಪಟ್ಟಿತು. ಯಾವ ದೇಶದ ತಂಡವಾದರೂ ‘ಕನ್ಚೆರ್ಟೊ ಬರೋಕೊ’ವನ್ನು ಆಡಬೇಕೆಂದರೆ, ಅದನ್ನು ತಾವೇ ಕುಣಿದು ಬಲ್ಲವರೊಬ್ಬರು ಅಲ್ಲಿಗೆ ಹೋಗಿ, ಎಂಟು ಮಂದಿಗೂ ಎಣಿಕೆ ಹೇಳಿಕೊಟ್ಟು, ಸಾಲು ತಿದ್ದಿ ಬರುತ್ತಾರೆ. ಒಬ್ಬರು ಕಲಿಸಿದುದಕ್ಕೂ ಇನ್ನೊಬ್ಬರು ಕಲಿಸಿದುದಕ್ಕೂ ಕೈಯ ಒಂದು ತಿರುವಿನಲ್ಲಿ, ಹೆಜ್ಜೆಯ ಒಂದು ವೇಗದಲ್ಲಿ ಭೇದವಿರುವುದುಂಟು. ಬ್ಯಾಲನ್ಷೀನ್ ಸ್ವತಃ ತನ್ನ ಕೃತಿಗಳನ್ನು ಕಾಲಕಾಲಕ್ಕೆ ತಿದ್ದುತ್ತಿದ್ದವನಾದುದರಿಂದ ‘ಶುದ್ಧಪಾಠ’ ಯಾವುದೆಂದು ಹಟ ಹಿಡಿಯುವುದೂ ಕಷ್ಟ.

ರಿಯೊ ನಗರದ ಆ ರಾತ್ರಿ ಮೊದಲ ಪಿಟೀಲಿನ ನರ್ತಕಿಯಾಗಿದ್ದ ಮರೀ ಝಾನ್ ೧೯೨೦ರಲ್ಲಿ ಹುಟ್ಟಿದವಳು. ೧೯೩೪ರಲ್ಲಿ ಶಾಲೆ ತೆರೆದಾಗ ಸೇರಿದ ಮೊದಲ ವಿದ್ಯಾರ್ಥಿಗಳಲ್ಲಿ ಆಕೆಯೂ ಒಬ್ಬಳು. ಆ ಶಾಲೆಯಿಂದಲೇ ತಯಾರಾಗಿ ಮುಖ್ಯ ನರ್ತಕಿಯ ಪದವಿಗೆ ಬಂದವರಲ್ಲಿ ಮೊದಲನೆಯವಳು. ಆಕೆ ೨೦೦೭ರವರೆಗೆ ಬದುಕಿದಳು. ವೃದ್ಧಾಪ್ಯದಲ್ಲಿ ಆಕೆ ಕಿರಿಯ ನರ್ತಕಿಯರನ್ನು ಎದುರಿಗೆ ನಿಲ್ಲಿಸಿಕೊಂಡು, ೧೯೪೧ರಲ್ಲಿ ತನ್ನ ಕಾಲು ಕಲಿತುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಕೊಟ್ಟಳು. ಬ್ಯಾಲನ್ಷೀನ್‌ನ ಹೆಸರಿನ ಪ್ರತಿಷ್ಠಾನವೊಂದು ಆ ಪಾಠವನ್ನು ಚಿತ್ರೀಕರಿಸಿ ಇರಿಸಿದೆ.